ಸ್ಕ್ರೀನೋ ಬಟನ್ನೋ: ಕಾರು ಕೊಳ್ಳುವ ಮುನ್ನ ಕೈಯಿಟ್ಟು ನೋಡಬೇಕಾದದ್ದು

ನಿಂತ ಕಾರಿನಲ್ಲಿ ಯಾವ ಸ್ಕ್ರೀನೂ ಕೆಟ್ಟದಾಗಿ ಕಾಣುವುದಿಲ್ಲ. ಶೋರೂಂನ ತಂಪಿನಲ್ಲಿ, ಒಣಗಿದ ಬೆರಳಲ್ಲಿ, ಎರಡೂ ಕಣ್ಣನ್ನು ಅದರ ಮೇಲೇ ಇಟ್ಟು ಒತ್ತಿದರೆ ಎಲ್ಲವೂ ಸಲೀಸು. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುತ್ತಿರುವಾಗ ಮುಂಗಾಜಿಗೆ ಆವಿ ಕಟ್ಟಿ, ಎದುರಿನ ಲಾರಿಯ ಲೈಟ್ ಮಬ್ಬು ಮಬ್ಬಾಗಿ ಕಾಣುವಾಗ ಅದೇ ಸ್ಕ್ರೀನಿನಲ್ಲಿ ಫ್ಯಾನಿನ ಚಿತ್ರ ಹುಡುಕುವುದು ಬೇರೆಯೇ ಕೆಲಸ. ಈ ಲೇಖನ ಆ ಎರಡನೆಯ ಸಂದರ್ಭಕ್ಕಾಗಿ. ಮೊದಲ ಭಾಗ ಹೊಸ ಕಾರು ನೋಡಲು ಹೊರಟವರಿಗೆ, ಎರಡನೆಯದು ಸ್ಕ್ರೀನ್ ಕಾರು ಈಗಾಗಲೇ ಮನೆಯಲ್ಲಿರುವವರಿಗೆ, ಕೊನೆಯದು ಹಳೆಯ ಕಾರಿಗೆ ಹೊರಗಿನಿಂದ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವವರಿಗೆ.

ಮೊದಲು ಲೆಕ್ಕ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಸ್ಕ್ರೀನ್ ನೋಡಿದಿರೆಂದರೆ 44 ಮೀಟರ್ ರಸ್ತೆಯನ್ನು ನೋಡಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ತಯಾರಕರಿಗೆ ಕೊಟ್ಟ ಸೂಚನೆಯಲ್ಲೂ ಇದೇ ಎರಡು ಸೆಕೆಂಡ್ ಬರುತ್ತದೆ: ಒಂದು ನೋಟ ಎರಡು ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಬೇಕಾಗುವ ಒಟ್ಟು ನೋಟ 12 ಸೆಕೆಂಡ್ ದಾಟಬಾರದು.

ಸ್ವೀಡನ್ನಿನ ಕಾರು ಪತ್ರಿಕೆ ವಿ ಬಿಲೆಗಾರೆ 2022ರಲ್ಲಿ ಇದನ್ನು ವಿಮಾನ ನಿಲ್ದಾಣದ ಖಾಲಿ ಓಡುದಾರಿಯಲ್ಲಿ ಅಳೆದು ನೋಡಿತು. ವೇಗ 110 ಕಿ.ಮೀ. ಸೀಟ್ ಹೀಟರ್ ಹಾಕಿ ಒಳಗಿನ ಉಷ್ಣತೆ ಎರಡು ಡಿಗ್ರಿ ಏರಿಸಿ ಗಾಜಿನ ಮಂಜು ಬಿಡಿಸುವ ಡಿಫ್ರಾಸ್ಟರ್ ಹಾಕುವುದು, ಹೇಳಿದ ರೇಡಿಯೋ ಸ್ಟೇಷನ್ ಹಿಡಿಯುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಮೀಟರ್ ಬೆಳಕು ತಗ್ಗಿಸಿ ನಡುವಿನ ಸ್ಕ್ರೀನ್ ಆರಿಸುವುದು: ಇಷ್ಟು ಕೆಲಸ. ಬಟನ್ನುಗಳೇ ತುಂಬಿದ್ದ 2005ರ ವೋಲ್ವೋ ವಿ70 ಕಾರಿನಲ್ಲಿ ಇದು 10 ಸೆಕೆಂಡಿನಲ್ಲಿ, 306 ಮೀಟರಿನಲ್ಲಿ ಮುಗಿಯಿತು. ಎಂಜಿ ಮಾರ್ವೆಲ್ ಆರ್‌ನಲ್ಲಿ 44.9 ಸೆಕೆಂಡ್, 1,372 ಮೀಟರ್. ಚಾಲಕರಿಗೆ ಕಾರಿನ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು ಎನ್ನುವುದನ್ನು ಮರೆಯಬಾರದು. 'ಅಭ್ಯಾಸವಾದರೆ ಸರಿಹೋಗುತ್ತೆ ಸರ್' ಎಂದು ಸೇಲ್ಸ್ ಹುಡುಗ ಹೇಳುವ ಮಾತಿಗೆ ಇದೇ ಉತ್ತರ. ಟೆಸ್ಲಾ ಮಾಡೆಲ್ 3 ಅದೇ ಪರೀಕ್ಷೆಯಲ್ಲಿ 23.5 ಸೆಕೆಂಡ್ ತೆಗೆದುಕೊಂಡಿತು. ಅಂದರೆ ಎಲ್ಲ ಸ್ಕ್ರೀನೂ ಒಂದೇ ಅಲ್ಲ, ಮೆನು ಜೋಡಿಸಿದ ರೀತಿಯಲ್ಲೇ ಅರ್ಧ ಗೆಲುವು ಸೋಲು ಇದೆ.

ಹಾಗಾದರೆ ತಯಾರಕರು ಸ್ಕ್ರೀನಿಗೆ ಏಕೆ ಬಿದ್ದರು? ಹಣ. ಪ್ರತಿ ಬಟನ್ನಿಗೂ ಅಚ್ಚು, ಹಿಂದೆ ಸ್ವಿಚ್, ತಂತಿ, ರಾತ್ರಿಗೆ ಬೆಳಕು, ಪರೀಕ್ಷೆ ಎಲ್ಲ ಬೇಕು. ರಿವರ್ಸ್ ಕ್ಯಾಮೆರಾಗೆಂದು ಸ್ಕ್ರೀನ್ ಹೇಗೂ ಬೇಕು (ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ). ಇದ್ದ ಸ್ಕ್ರೀನಿಗೇ ಉಳಿದ ಕೆಲಸ ತುಂಬಿದರೆ ಖರ್ಚು ಉಳಿಯಿತು, ಡ್ಯಾಶ್‌ಬೋರ್ಡು ಬೋಳಾಗಿ 'ಪ್ರೀಮಿಯಂ' ಎನಿಸಿಕೊಂಡಿತು. ಈಗ ಗಾಳಿ ತಿರುಗಿದೆ. ಫೋಕ್ಸ್‌ವ್ಯಾಗನ್ ಸ್ಟೀರಿಂಗಿನ ಮೇಲೆ ಹಾಕಿದ್ದ ಟಚ್ ಬಟನ್ನುಗಳನ್ನು ತೆಗೆದು ನಿಜವಾದ ಬಟನ್ ವಾಪಸ್ ತಂದಿದೆ. ಯೂರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ ಈ ಐದಕ್ಕೂ ಕೈಗೆ ಸಿಗುವ ನಿಯಂತ್ರಣ ಇಲ್ಲದಿದ್ದರೆ ಪೂರ್ತಿ ಅಂಕ ಕೊಡುವುದಿಲ್ಲ. ಆದರೆ ಇವತ್ತು ಶೋರೂಂನಲ್ಲಿ ನಿಂತಿರುವುದು ಮೂರು ನಾಲ್ಕು ವರ್ಷದ ಹಿಂದೆ ವಿನ್ಯಾಸ ಮುಗಿಸಿದ ಕಾರು. ಆದ್ದರಿಂದ ಪರೀಕ್ಷೆ ನಿಮ್ಮದೇ.

ಯಾವುದಕ್ಕೆ ಬಟನ್ ಬೇಕೇ ಬೇಕು

ಕಾರಿನೊಳಗಿನ ಕೆಲಸಗಳಲ್ಲಿ ಎರಡು ಜಾತಿ. ಒಂದು, ರಸ್ತೆಯಲ್ಲಿ ಏನೋ ಆದ ತಕ್ಷಣ ಮಾಡಬೇಕಾದವು. ಇನ್ನೊಂದು, ಹೊರಡುವ ಮುಂಚೆ ನಿಧಾನವಾಗಿ ಮಾಡಬಹುದಾದವು. ಎರಡನೆಯ ಜಾತಿಗೆ ಸ್ಕ್ರೀನೇ ಒಳ್ಳೆಯದು. ಮ್ಯಾಪಿನಲ್ಲಿ ವಿಳಾಸ ಹುಡುಕುವುದು, ಫೋನ್ ಜೋಡಿಸುವುದು, ಡೋರ್ ಲಾಕ್ ಎಷ್ಟು ಹೊತ್ತಿಗೆ ಬೀಳಬೇಕೆಂಬ ಸೆಟ್ಟಿಂಗ್, ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ವೇಳೆ, ಇವಕ್ಕೆ ಬಟನ್ ಕೇಳುವುದು ವ್ಯರ್ಥ.

ಮೊದಲ ಜಾತಿಯ ಪಟ್ಟಿ ಸಣ್ಣದು, ಆದರೆ ರಾಜಿ ಇಲ್ಲದ್ದು: ವೈಪರ್ ಮತ್ತು ಅದರ ವೇಗ, ಹೆಡ್‌ಲೈಟ್ ಹಾಗೂ ಡಿಪ್ಪರ್, ಹಜಾರ್ಡ್, ಹಾರ್ನ್, ಮುಂಗಾಜಿನ ಆವಿ ಬಿಡಿಸುವ ಡಿಫಾಗ್, ಹಿಂಗಾಜಿನ ಡಿಫಾಗರ್, ಫ್ಯಾನ್ ವೇಗ, ಧ್ವನಿ ತಗ್ಗಿಸುವ ನಾಬ್. ವೈಪರ್ ವಿಷಯದಲ್ಲಿ ಕೋರ್ಟೇ ಮಾತಾಡಿದೆ. ಜರ್ಮನಿಯಲ್ಲಿ ಟೆಸ್ಲಾ ಚಾಲಕನೊಬ್ಬ ಮಳೆಯಲ್ಲಿ ವೈಪರ್ ವೇಗ ಬದಲಿಸಲು ಸ್ಕ್ರೀನ್ ನೋಡುತ್ತಾ ರಸ್ತೆ ಬಿಟ್ಟು ಹೋದ. ಕಾರ್ಲ್ಸ್‌ರೂಹ ಉಚ್ಚ ಪ್ರಾದೇಶಿಕ ನ್ಯಾಯಾಲಯ 2020ರಲ್ಲಿ, ಕಾರಿಗೇ ಜೋಡಿಸಿದ ಸ್ಕ್ರೀನೂ ಫೋನಿನಂತೆ ಎಲೆಕ್ಟ್ರಾನಿಕ್ ಸಾಧನವೇ ಎಂದು ಹೇಳಿ 200 ಯೂರೋ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿ ಹಿಡಿಯಿತು.

ಇವುಗಳ ನಡುವೆ ಮೂರನೆಯ ಜಾತಿಯೊಂದಿದೆ, ಮೋಸ ಮಾಡುವುದು ಅದೇ: ನೋಡಲು ಬಟನ್, ಒಳಗೆ ಟಚ್. ಹೊಳೆಯುವ ಕಪ್ಪು ಫಲಕದ ಮೇಲೆ ಬೆಳಕಿನ ಚಿತ್ರ ಬರೆದಿರುತ್ತಾರೆ, ಉಬ್ಬು ತಗ್ಗು ಇರುವುದಿಲ್ಲ. ನಿಜವಾದ ಬಟನ್ನಿನ ಮೇಲೆ ಬೆರಳು ಇಟ್ಟು, ತಡವಿ, ಇದೇ ಹೌದು ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಒತ್ತಬಹುದು. ಟಚ್ ಫಲಕದಲ್ಲಿ ತಡವಿದ್ದೇ ಒತ್ತಿದ್ದಾಗಿ ಬಿಡುತ್ತದೆ. ಪರೀಕ್ಷೆ ಸುಲಭ: ಅಂಗೈಯನ್ನು ಫಲಕದ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಸವರಿ. ಏನೂ ಆಗದಿದ್ದರೆ ಬಟನ್. ಏಸಿ ಆಫ್ ಆಗಿ, ಫ್ಯಾನ್ ಏರಿ, ಗಾಳಿಯ ದಿಕ್ಕು ಬದಲಾದರೆ ಅದನ್ನು ಸ್ಕ್ರೀನ್ ಲೆಕ್ಕಕ್ಕೇ ಸೇರಿಸಿ. ಬೇಸ್ ಮಾಡೆಲ್ಲಿನಲ್ಲಿ ತಿರುವುವ ನಾಬ್ ಇದ್ದು ಟಾಪ್ ಮಾಡೆಲ್ಲಿನಲ್ಲಿ ಇಂಥ ಫಲಕ ಬರುವುದುಂಟು. ಟೆಸ್ಟ್ ಡ್ರೈವಿಗೆ ಕೊಟ್ಟದ್ದು ಒಂದು, ಬುಕ್ ಮಾಡಿದ್ದು ಇನ್ನೊಂದು ಆಗದಂತೆ ನೀವು ಕೊಳ್ಳುವ ಮಾಡೆಲ್ಲಿನಲ್ಲೇ ನೋಡಿ.

ಶೋರೂಂನಲ್ಲಿ ಇಪ್ಪತ್ತು ನಿಮಿಷ

ಎಂಜಿನ್ ಆನ್ ಮಾಡಿಸಿ, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್, ಹ್ಯಾಂಡ್‌ಬ್ರೇಕ್ ಮೇಲೆ. ಸೀಟನ್ನು ನೀವು ದಿನಾ ಓಡಿಸುವ ಭಂಗಿಗೆ ತನ್ನಿ, ಬೆಲ್ಟ್ ಹಾಕಿ, ಬೆನ್ನು ಸೀಟಿಗೆ ಅಂಟಿರಲಿ. ಬೆನ್ನು ಎತ್ತದೆ ಮುಟ್ಟಲಾಗದ ಯಾವುದೇ ಮೂಲೆ ನಿಮಗೆ ಇಲ್ಲದ ಹಾಗೆಯೇ. ಕುಳ್ಳಗಿರುವವರು ಸೀಟು ಮುಂದೆಳೆದಿರುತ್ತಾರೆ, ಅವರಿಗೆ ಸ್ಕ್ರೀನ್ ಹತ್ತಿರ. ಉದ್ದ ಇರುವವರಿಗೇ ಸ್ಕ್ರೀನಿನ ಎಡ ತುದಿ ದೂರ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ, ಆದ್ದರಿಂದ ಸ್ಕ್ರೀನ್ ಮುಟ್ಟುವುದು ಎಡಗೈ. ಬಲಗೈ ಬಳಕೆಯವರಿಗೆ ಎಡಗೈ ಬೆರಳಿನ ಗುರಿ ಸ್ವಲ್ಪ ಒರಟೇ. ಯೂರೋಪಿನ ವಿಡಿಯೋ ವಿಮರ್ಶೆ ನೋಡಿ ತೀರ್ಮಾನಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಫೋನಿನಲ್ಲಿ ಸ್ಟಾಪ್‌ವಾಚ್ ತೆರೆದು ಜೊತೆಗಿದ್ದವರ ಕೈಗೆ ಕೊಡಿ. ಫೋನನ್ನು ಕಾರಿನ ಸ್ಕ್ರೀನಿನಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಜೋಡಿಸಿ ಮ್ಯಾಪ್ ತೆರೆದಿಡಿ. ಇದು ಮುಖ್ಯ, ಏಕೆಂದರೆ ನಿಜಜೀವನದಲ್ಲಿ ಸ್ಕ್ರೀನ್ ಇರುವುದು ಈ ಸ್ಥಿತಿಯಲ್ಲೇ. ಖಾಲಿ ಹೋಮ್ ಪರದೆಯಿಂದ ಎರಡು ಒತ್ತಿನಲ್ಲಿ ಸಿಗುವ ಏಸಿ, ಮ್ಯಾಪಿನಿಂದ ನಾಲ್ಕು ಒತ್ತು ದೂರ ಇರಬಹುದು. ಅವರು ಒಂದೊಂದಾಗಿ ಹೇಳಲಿ, ನೀವು ಮಾಡಿ:

1. ಮುಂಗಾಜಿನ ಡಿಫಾಗ್ ಹಾಕು.
2. ಉಷ್ಣತೆ ಎರಡು ಡಿಗ್ರಿ ಏರಿಸು, ಫ್ಯಾನ್ ಎರಡು ಹಂತ ತಗ್ಗಿಸು.
3. ಒಳಗಿನ ಗಾಳಿ ಸುತ್ತುವುದನ್ನು ನಿಲ್ಲಿಸಿ ಹೊರಗಾಳಿ ತಗೋ.
4. ಹಾಡು ಪೂರ್ತಿ ಮ್ಯೂಟ್ ಮಾಡು.
5. ಎಡಗಡೆಯ ಕನ್ನಡಿ ಸ್ವಲ್ಪ ಕೆಳಗೆ ಮಾಡು.
6. ಸ್ಕ್ರೀನಿನ ಬೆಳಕು ಪೂರ್ತಿ ತಗ್ಗಿಸು ಅಥವಾ ಆರಿಸು.
7. ರಿವರ್ಸ್ ಗೇರ್ ಹಾಕಿ, ಕ್ಯಾಮೆರಾ ಚಿತ್ರ ಬಂದಿರುವಾಗಲೇ ಡಿಫಾಗ್ ಹಾಕು.

ಏಳನೆಯದರಲ್ಲೇ ಬಹಳ ಕಾರು ಬೀಳುತ್ತವೆ. ಕ್ಯಾಮೆರಾ ಇಡೀ ಸ್ಕ್ರೀನ್ ಆಕ್ರಮಿಸಿದಾಗ ಏಸಿ ನಿಯಂತ್ರಣ ಮಾಯವಾಗುತ್ತದೆ. ಬೆಳಿಗ್ಗೆ ಮಂಜಿನಲ್ಲಿ ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವಾಗ ಮುಂಗಾಜೂ ಮಬ್ಬಾಗಿರುತ್ತದೆ ಎನ್ನುವುದು ವಿನ್ಯಾಸಕಾರರಿಗೆ ಹೊಳೆದಿರಲಿಕ್ಕಿಲ್ಲ.

ಪ್ರತಿಯೊಂದಕ್ಕೂ ಎರಡು ಅಂಕಿ ಬರೆದುಕೊಳ್ಳಿ: ಎಷ್ಟು ಒತ್ತು, ಎಷ್ಟು ಸಲ ಕಣ್ಣು ಕೆಳಗಿಳಿಯಿತು. ಮೂರು ಸುತ್ತು ಮಾಡಿ, ಕೊನೆಯ ಸುತ್ತನ್ನೇ ಪರಿಗಣಿಸಿ. ಮೊದಲ ನಾಲ್ಕು ಕೆಲಸ ಮೂರನೆಯ ಸುತ್ತಿನಲ್ಲೂ ಒಂದಕ್ಕಿಂತ ಹೆಚ್ಚು ನೋಟ ಕೇಳುತ್ತಿದ್ದರೆ ಆ ಕಾರಿನ ಬಗ್ಗೆ ಇನ್ನೊಮ್ಮೆ ಯೋಚಿಸಿ. ಆಮೇಲೆ ಕಣ್ಣು ಮುಚ್ಚಿ ಒಂದು, ಎರಡು, ನಾಲ್ಕನ್ನು ಮತ್ತೆ ಮಾಡಿ. ನಾಬ್ ಇದ್ದರೆ ಕೈ ತಾನೇ ಹೋಗುತ್ತದೆ.

ಟೆಸ್ಟ್ ಡ್ರೈವಿನಲ್ಲಿ ಈ ಪಟ್ಟಿ ಇಟ್ಟುಕೊಂಡು ಕೂರಬೇಡಿ, ಅದು ಅಪಾಯ. ಖಾಲಿ ರಸ್ತೆಯಲ್ಲಿ, 30 ಕಿ.ಮೀ. ಒಳಗೆ, ಹಂಪ್ ದಾಟುವಾಗ ಫ್ಯಾನ್ ಒಂದು ಹಂತ ಬದಲಿಸಿ ನೋಡಿದರೆ ಸಾಕು. ಆಧಾರವಿಲ್ಲದೆ ಚಾಚಿದ ತೋಳು ಕುಲುಕುತ್ತದೆ, ಬೆರಳು ಪಕ್ಕದ ಚಿತ್ರಕ್ಕೆ ಬೀಳುತ್ತದೆ. ಸ್ಕ್ರೀನಿನ ಕೆಳ ಅಂಚಿನಲ್ಲಿ ಅಂಗೈ ಊರಲು ಜಾಗ ಇದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಧ್ವನಿ ಆದೇಶವನ್ನೂ ಪರೀಕ್ಷಿಸಿ, ಆದರೆ ಕಿಟಕಿ ಇಳಿಸಿ, ಫ್ಯಾನ್ ಮೂರರಲ್ಲಿಟ್ಟು, ನಿಮ್ಮ ಮಾಮೂಲಿ ಇಂಗ್ಲಿಷಿನಲ್ಲೇ ಹೇಳಿ. ಬ್ರೋಷರ್‌ನಲ್ಲಿ ಬರೆದ ಭಾಷೆಗಳ ಪಟ್ಟಿಗಿಂತ ಈ ಎರಡು ನಿಮಿಷ ಹೆಚ್ಚು ತಿಳಿಸುತ್ತದೆ. ತಂಪು ಕನ್ನಡಕ ಹಾಕುವ ಅಭ್ಯಾಸವಿದ್ದರೆ ಅದನ್ನೂ ಹಾಕಿ ನೋಡಿ: ಪೋಲರೈಸ್ಡ್ ಗಾಜಿನ ಮೂಲಕ ಕೆಲವು ಸ್ಕ್ರೀನು ಕಪ್ಪಾಗಿ ಕಾಣುತ್ತವೆ. ಸಾಧ್ಯವಾದರೆ ಸಂಜೆ ಆದ ಮೇಲೆ ಹೋಗಿ. ಬೆಳಕಿಲ್ಲದ ಟಚ್ ಪಟ್ಟಿಗಳು ಹಗಲಲ್ಲಿ ಗೊತ್ತಾಗುವುದಿಲ್ಲ.

ಸ್ಕ್ರೀನ್ ಕಾರು ಈಗಾಗಲೇ ಇದ್ದರೆ

ಒಂದು ಅರ್ಧ ಗಂಟೆ ಕಾರು ನಿಲ್ಲಿಸಿ ಕೂತರೆ ಬಹಳ ಸುಧಾರಿಸಬಹುದು.

ಮೊದಲು ಆಟೋ. ಕ್ಲೈಮೇಟ್ ಕಂಟ್ರೋಲ್ ಇದ್ದರೆ 24 ಡಿಗ್ರಿಗೆ ಇಟ್ಟು ಆಟೋದಲ್ಲೇ ಬಿಡಿ. ಬಿಸಿಲಲ್ಲಿ ನಿಂತ ಕಾರು ಮೊದಲ ಐದು ನಿಮಿಷ ಜೋರಾಗಿ ಊದುತ್ತದೆ, ಆಮೇಲೆ ತಾನೇ ತಗ್ಗುತ್ತದೆ. ಗದ್ದಲವೆಂದು ಪ್ರತಿ ಸಲ ಕೈ ಹಾಕುವವರೇ ಸ್ಕ್ರೀನನ್ನು ಹೆಚ್ಚು ಬೈಯುವುದು. ವೈಪರ್ ಮತ್ತು ಹೆಡ್‌ಲೈಟಿಗೂ ಆಟೋ ಇದ್ದರೆ ಹಾಕಿಡಿ, ಆದರೆ ಸ್ಟೀರಿಂಗ್ ಪಕ್ಕದ ಕಡ್ಡಿಯಿಂದ ಕೈಯಾರೆ ಹಾಕುವುದು ಹೇಗೆಂದು ತಿಳಿದಿರಲಿ. ಮಳೆ ಸೆನ್ಸರ್ ಇರುವುದು ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು. ಅದರ ಮುಂದೆ ಎಣ್ಣೆ ಪಸೆಯೋ ಫಾಸ್ಟ್ಯಾಗ್ ಸ್ಟಿಕ್ಕರೋ ಇದ್ದರೆ ಸುಮ್ಮಸುಮ್ಮನೆ ಒರೆಸುತ್ತದೆ, ಇಲ್ಲವೇ ಒರೆಸುವುದೇ ಇಲ್ಲ.

ಸ್ಟೀರಿಂಗಿನಲ್ಲಿ ನಕ್ಷತ್ರದ ಗುರುತಿನ ಅಥವಾ 'ಕಸ್ಟಮ್' ಬಟನ್ ಇದೆಯೇ ನೋಡಿ. ಸೆಟ್ಟಿಂಗಿನಲ್ಲಿ ಅದಕ್ಕೆ ಒಂದು ಕೆಲಸ ಹಚ್ಚಬಹುದು. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಏಸಿ ಪುಟ ತೆರೆಯುವುದಕ್ಕೋ ಸ್ಕ್ರೀನ್ ಆರಿಸುವುದಕ್ಕೋ ಕೊಡಿ. ರಾತ್ರಿ ಹೆದ್ದಾರಿಯಲ್ಲಿ ಹತ್ತು ಇಂಚಿನ ಬೆಳಕು ಕಣ್ಣಿಗೆ ಹೊಡೆಯುತ್ತಿರುವುದು ತಪ್ಪಿದರೆ ಎದುರಿನ ಕತ್ತಲು ಎಷ್ಟೋ ಚೆನ್ನಾಗಿ ಕಾಣುತ್ತದೆ. ಒತ್ತಿದಾಗ ಟಿಕ್ ಶಬ್ದ ಬರುವ ಆಯ್ಕೆಯನ್ನು ಆನ್ ಇಡಿ. ಕಿರಿಕಿರಿ ಎನಿಸಿದರೂ, ಒತ್ತಿದ್ದು ತಾಗಿತೇ ಎಂದು ಎರಡನೇ ಸಲ ನೋಡುವುದನ್ನು ಅದು ಉಳಿಸುತ್ತದೆ.

ಡಿಫಾಗ್ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮಲೆನಾಡು, ಕೊಡಗು, ಕರಾವಳಿಯಲ್ಲಿ ಓಡಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನದ ಕೆಲಸ. ಗಾಜನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಿ. ಗೆರೆ ಬಿದ್ದರೆ ಆವಿ ಒಳಗಿನದು, ಐದು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಕಾಲ್ಚಾಪೆ ಕಾರಣ. ಆಗ ಏಸಿ ಆನ್, ಗಾಳಿ ಗಾಜಿನ ಕಡೆ, ಹೊರಗಾಳಿ ತೆರೆದು, ಫ್ಯಾನ್ ಜೋರು, ಉಷ್ಣತೆ ಸ್ವಲ್ಪ ಮೇಲೆ. ಏಸಿ ಗಾಳಿಯ ತೇವ ಹೀರುತ್ತದೆ, ಬೆಚ್ಚಗಿನ ಗಾಳಿ ಗಾಜನ್ನು ಒಣಗಿಸುತ್ತದೆ. ಗೆರೆ ಬೀಳದಿದ್ದರೆ ಆವಿ ಹೊರಗಿನದು: ಮಂಗಳೂರಿನ ರಾತ್ರಿಯ ತೇವದ ಗಾಳಿ, ಏಸಿಯಿಂದ ತಣ್ಣಗಾದ ಗಾಜಿಗೆ ತಾಗಿದ್ದು. ಆಗ ಏಸಿಯ ತಂಪು ಗಾಳಿಯನ್ನು ಗಾಜಿಗೆ ಊದಿದರೆ ಆವಿ ಹೆಚ್ಚಾಗುತ್ತದೆ. ವೈಪರ್ ಒಂದು ಸಲ ಆಡಿಸಿ, ಗಾಳಿಯನ್ನು ಗಾಜಿನಿಂದ ತಿರುಗಿಸಿ, ಉಷ್ಣತೆ ಏರಿಸಿ. ಸ್ಕ್ರೀನಿನಲ್ಲಿ ಒಳಗಿನ ಆವಿ ಬಿಡಿಸುವ ಐದು ಕೆಲಸ ಐದು ಕಡೆ ಇರುತ್ತವೆ. ಆದ್ದರಿಂದ ಘಾಟಿ ಇಳಿಯುವ ಮೊದಲೇ, ಸಕಲೇಶಪುರದ ಚಹಾದ ನಿಲುಗಡೆಯಲ್ಲೇ, ಹೊರಗಾಳಿ ಮತ್ತು ಏಸಿ ಹೊಂದಿಸಿಕೊಂಡು ಹೊರಡಿ. ಎಲ್ಲವನ್ನೂ ಒಟ್ಟಿಗೆ ಮಾಡುವ ಮ್ಯಾಕ್ಸ್ ಡಿಫಾಗ್ ಬಟನ್ ಬೇರೆಯಾಗಿದ್ದರೆ ನೀವು ಪುಣ್ಯವಂತರು.

ಸ್ಕ್ರೀನ್ ಹುಚ್ಚು ಹಿಡಿದಾಗ

ಯಾರೂ ಮುಟ್ಟದೆ ತಾನೇ ಒತ್ತಿಕೊಳ್ಳುವುದು, ಒತ್ತಿದರೂ ಕೇಳದಿರುವುದು, ಕಪ್ಪಾಗಿ ನಿಲ್ಲುವುದು ಈ ಮೂರೇ ಸಾಮಾನ್ಯ ರೋಗ.

ಇವತ್ತಿನ ಸ್ಕ್ರೀನು ಒತ್ತಡವನ್ನಲ್ಲ, ಬೆರಳಿನಿಂದ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಗ್ರಹಿಸುತ್ತದೆ. ನೀರಿನ ಹನಿಯೂ ಬೆವರಿನ ಪದರವೂ ಅದಕ್ಕೆ ಬೆರಳೇ. ತಾನೇ ಒತ್ತಿಕೊಳ್ಳುತ್ತಿದ್ದರೆ ಮೊದಲು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಮೇಲೆ ಅಂಟಿಸಿದ ಗಾರ್ಡ್ ಕಿತ್ತು ನೋಡಿ, ಅಂಚಿನಲ್ಲಿ ಗಾಳಿಗುಳ್ಳೆ ಇದ್ದರೆ ತಪ್ಪು ಅದರದೇ. ಆಮೇಲೆ ಲೈಟರ್ ಸಾಕೆಟಿನ ಅಗ್ಗದ ಚಾರ್ಜರ್ ತೆಗೆಯಿರಿ. ಅದರ ವಿದ್ಯುತ್ ಗದ್ದಲ ಟಚ್ ಗ್ರಹಣವನ್ನು ಕೆಡಿಸುವುದುಂಟು. ಇಷ್ಟಾದರೂ ನಿಲ್ಲದಿದ್ದರೆ, ಅದರಲ್ಲೂ ಮಧ್ಯಾಹ್ನವಷ್ಟೇ ಬರುತ್ತಿದ್ದರೆ, ಗಾಜು ಮತ್ತು ಪರದೆಯ ನಡುವಿನ ಅಂಟು ಶಾಖಕ್ಕೆ ಬಿಟ್ಟಿರಬಹುದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿ ದಾಟುತ್ತದೆ. ಇದು ಮನೆಮದ್ದಿನ ಕೆಲಸವಲ್ಲ, ವಾರಂಟಿ ಕೇಳಿ. ಕೇಳುವ ಮುನ್ನ ತಾನೇ ಒತ್ತಿಕೊಳ್ಳುವುದನ್ನು ವಿಡಿಯೋ ಮಾಡಿಡಿ, ಸರ್ವಿಸ್ ಸೆಂಟರಿಗೆ ಹೋದಾಗ ಅದು ಸುಮ್ಮನಿರುವುದೇ ಹೆಚ್ಚು.

ಕಪ್ಪಾಗಿ ನಿಂತರೆ ಕಾರು ಬದಿಗೆ ಹಾಕಿ ರೀಸ್ಟಾರ್ಟ್ ಮಾಡಿ. ಬಹಳ ಕಾರುಗಳಲ್ಲಿ ಪವರ್ ಅಥವಾ ವಾಲ್ಯೂಮ್ ನಾಬನ್ನು ಹತ್ತು ಸೆಕೆಂಡಿಗೂ ಮೀರಿ ಒತ್ತಿ ಹಿಡಿಯಬೇಕು. ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ ಬಟನ್ನುಗಳ ಪಕ್ಕ ಸೂಜಿಮೊನೆಯಷ್ಟು ರೀಸೆಟ್ ತೂತು ಇರುತ್ತದೆ. ಟೆಸ್ಲಾದಲ್ಲಿ ಸ್ಟೀರಿಂಗಿನ ಎರಡೂ ಸುರುಳಿ ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ನಿಮ್ಮ ಕಾರಿನ ವಿಧಾನವನ್ನು ಇವತ್ತೇ ಕೈಪಿಡಿಯಲ್ಲಿ ನೋಡಿ ಒಮ್ಮೆ ಮಾಡಿಡಿ. ಬ್ಯಾಟರಿ ತಂತಿ ಬಿಚ್ಚುವುದು ಕೊನೆಯ ಉಪಾಯ. ಹಾಗೆ ಮಾಡಿದರೆ ಗಡಿಯಾರ, ರೇಡಿಯೋ ಸ್ಟೇಷನ್ ಹೋಗುತ್ತವೆ, ಕಿಟಕಿಯ ಒನ್‌ಟಚ್ ಮತ್ತೆ ಕಲಿಸಬೇಕಾಗುತ್ತದೆ.

ಪದೇ ಪದೇ ಕಪ್ಪಾಗುತ್ತಿದ್ದರೆ ತಡ ಮಾಡಬೇಡಿ. ಟೆಸ್ಲಾ 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಹಳೆಯ ಮಾಡೆಲ್ ಎಸ್, ಎಕ್ಸ್ ಕಾರುಗಳನ್ನು ವಾಪಸ್ ಕರೆಸಿದ್ದು ಇದಕ್ಕೇ. ಸ್ಕ್ರೀನಿನ ಕಂಪ್ಯೂಟರಿನಲ್ಲಿದ್ದ 8 ಜಿಬಿ ಮೆಮೊರಿ ಚಿಪ್ ಬರೆದು ಬರೆದು ಸವೆದು ಹೋಗುತ್ತಿತ್ತು, ಅದರ ಜೊತೆಗೇ ರಿವರ್ಸ್ ಕ್ಯಾಮೆರಾ, ಡಿಫ್ರಾಸ್ಟ್, ಇಂಡಿಕೇಟರ್ ಸದ್ದು ಹೋಗುತ್ತಿದ್ದವು.

ಸ್ವಚ್ಛ ಮಾಡಲು ಮೈಕ್ರೋಫೈಬರ್ ಬಟ್ಟೆಯನ್ನು ನೀರಲ್ಲಿ ತುಸು ತೇವ ಮಾಡಿದರೆ ಸಾಕು. ಸ್ಪ್ರೇ ಮಾಡುವುದಿದ್ದರೂ ಬಟ್ಟೆಗೆ, ಸ್ಕ್ರೀನಿಗಲ್ಲ: ಹನಿ ಕೆಳ ಅಂಚಿನಿಂದ ಒಳಗಿಳಿಯುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಬೇಡ, ಬೆಳಕಿನ ಪ್ರತಿಫಲನ ತಡೆಯುವ ಲೇಪ ಎದ್ದು ಹೋಗುತ್ತದೆ.

ಬಟನ್ನಿಗೂ ರೋಗ ಬರುತ್ತದೆ. ವಾಲ್ಯೂಮ್ ನಾಬ್ ಏರಿಸಿದರೆ ಇಳಿಯುವುದು, ಜಿಗಿಯುವುದು ಅದರೊಳಗೆ ತಿರುಗುವಿಕೆಯನ್ನು ಗ್ರಹಿಸುವ ಎನ್‌ಕೋಡರಿನ ಲೋಹದ ಸಂಪರ್ಕ ಕಿಲುಬು ಹಿಡಿದ ಲಕ್ಷಣ. ಸ್ಟೀರಿಯೋ ಆಫ್ ಮಾಡಿ ನಾಬನ್ನು ಎರಡೂ ಕಡೆ ಮೂವತ್ತು ನಲವತ್ತು ಸಲ ತಿರುಗಿಸಿ. ಆಗದಿದ್ದರೆ ನಾಬಿನ ಟೋಪಿ ಎಳೆದು ತೆಗೆದು, ದಂಡದ ಬುಡಕ್ಕೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಟಿಕೆ ಹೊಡೆದು ಮತ್ತೆ ತಿರುಗಿಸಿ, ಹದಿನೈದು ನಿಮಿಷ ಆರಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಧೂಳು ಅಂಟಿ ಮತ್ತೆ ಕೆಡುತ್ತದೆ.

ಹೊರಗಿನಿಂದ ಸ್ಟೀರಿಯೋ ಹಾಕಿಸುವಾಗ

ಒಂಬತ್ತು, ಹತ್ತು ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದಾಗ ಜನ ಮೊದಲು ಕಳೆದುಕೊಳ್ಳುವುದು ವಾಲ್ಯೂಮ್ ನಾಬ್. ನಾಬ್ ಇರುವ ಮಾದರಿಯನ್ನೇ ಕೇಳಿ. ಸಿಗದಿದ್ದರೆ ಸ್ಟೀರಿಂಗ್ ಬಟನ್ ಕೆಲಸ ಮಾಡಲೇಬೇಕು ಎಂದು ಹಣ ಕೊಡುವ ಮೊದಲೇ ಹೇಳಿ. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗಿನ ಬಟನ್ನುಗಳು ಒಂದೇ ತಂತಿಯಲ್ಲಿ ಬೇರೆ ಬೇರೆ ರೆಸಿಸ್ಟರ್ ಮೂಲಕ ಬರುತ್ತವೆ. ಆ ತಂತಿಯನ್ನು ಸ್ಟೀರಿಯೋದ ಕೀ1 ಅಥವಾ ಕೀ2 ಎಂಬ ತಂತಿಗೆ ಸೇರಿಸಿ, ಸೆಟ್ಟಿಂಗಿನ ಸ್ಟೀರಿಂಗ್ ಪುಟದಲ್ಲಿ ಒಂದೊಂದೇ ಬಟನ್ ಒತ್ತಿ ಕಲಿಸಬೇಕು. ಬಟನ್ನಿನ ಸಂದೇಶ ಕ್ಯಾನ್ ಎಂಬ ಕಾರಿನೊಳಗಿನ ಡಿಜಿಟಲ್ ಜಾಲದ ಮೂಲಕ ಬರುವ ಕಾರುಗಳಿಗೆ, ಆ ಸಂದೇಶವನ್ನು ಸ್ಟೀರಿಯೋಗೆ ತಿಳಿಯುವಂತೆ ಮಾಡುವ, ಆ ಕಾರಿಗೇ ಹೊಂದುವ ಕ್ಯಾನ್‌ಬಾಕ್ಸ್ ಬೇಕು. ಅದಿಲ್ಲದೆ 'ಆಮೇಲೆ ನೋಡೋಣ' ಎಂದರೆ ಕಾರು ಕೊಡಬೇಡಿ.

ತಂತಿ ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ಕತ್ತರಿಸದೆ ತಂತಿ ಸೇರಿಸುವ ಪ್ಲಗ್) ತರಿಸಿ. ಸ್ಟೀರಿಯೋ ಕಡೆಯ ಬಣ್ಣ ಸಾಮಾನ್ಯವಾಗಿ ಹೀಗೆ: ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್, ಕಿತ್ತಳೆ ಪಾರ್ಕಿಂಗ್ ಲೈಟಿನದು. ಕಾರಿನ ಕಡೆಯ ಬಣ್ಣ ಬೇರೆ ಇರಬಹುದು, ಮಲ್ಟಿಮೀಟರಿನಲ್ಲಿ ನೋಡಿಯೇ ಸೇರಿಸಬೇಕು. ಪ್ರತಿ ಸಲ ಕಾರು ಆಫ್ ಮಾಡಿದಾಗ ಸೆಟ್ಟಿಂಗ್ ಅಳಿಸಿ ಹೋಗುತ್ತಿದ್ದರೆ ಹಳದಿ ಕೆಂಪು ಅದಲುಬದಲಾಗಿದೆ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತಿದ್ದರೆ ಕೆಂಪನ್ನೂ ಸದಾ ಇರುವ ವಿದ್ಯುತ್ತಿಗೇ ಸೇರಿಸಿದ್ದಾರೆ. ರಾತ್ರಿ ಹೆಡ್‌ಲೈಟ್ ಹಾಕಿದರೂ ಸ್ಕ್ರೀನ್ ಮಂಕಾಗದೆ ಕಣ್ಣು ಕುಕ್ಕುತ್ತಿದ್ದರೆ ಕಿತ್ತಳೆ ತಂತಿ ಎಲ್ಲಿಗೂ ಸೇರದೆ ಹಿಂದೆ ಸುಮ್ಮನೆ ನೇತಾಡುತ್ತಿದೆ. ಅಂಗಡಿಯವರು ಇದನ್ನು ಬಿಡುವುದೇ ಹೆಚ್ಚು. ಕೆಲಸ ಮುಗಿದ ಮೇಲೆ ಅಲ್ಲೇ ಪಾರ್ಕಿಂಗ್ ಲೈಟ್ ಹಾಕಿ ಸ್ಕ್ರೀನ್ ಮಂಕಾಗುತ್ತದೆಯೇ, ರಿವರ್ಸ್ ಹಾಕಿದಾಗ ಕ್ಯಾಮೆರಾ ಬರುತ್ತದೆಯೇ, ಸ್ಟೀರಿಂಗಿನ ಪ್ರತಿ ಬಟನ್ನೂ ತನ್ನ ಕೆಲಸವನ್ನೇ ಮಾಡುತ್ತದೆಯೇ ನೋಡಿ, ಆಮೇಲೆ ಬಿಲ್ ಕೊಡಿ.